ತಂಡ ತರುವವರು ರೆಫರಿಯನ್ನೂ ತರಲಿ

ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾದ ಪಂದ್ಯ ಮ್ಯೂನಿಕ್‌ನಲ್ಲಿ ನಡೆದರೂ ಹ್ಯಾಂಬರ್ಗ್‌ನಲ್ಲಿ ನಡೆದರೂ ವಿಡಿಯೊ ರೆಫರಿಗಳು ಕೂರುವುದು ಕಲೋನ್ ನಗರದ ಒಂದೇ ಕೇಂದ್ರದಲ್ಲಿ. ನಾನಿರುವುದೂ ಇದೇ ನಾಡಿನಲ್ಲಿ. ಹೀಗಾಗಿ ದಾವಣಗೆರೆಯ ಫುಟ್‌ಬಾಲ್ ಗೆಳೆಯರು ಮಾತಿಗೆ ಸಿಕ್ಕಾಗ ಕೇಳುವುದು ವಿಎಆರ್, ಅಂದರೆ ಈ ವಿಡಿಯೊ ರೆಫರಿ ವ್ಯವಸ್ಥೆಯ ಬಗ್ಗೆಯೇ. ನನ್ನ ಅಭಿಪ್ರಾಯ ಬೇರೆ. ಇಲ್ಲಿಂದ ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ಏನಾದರೂ ಒಂದನ್ನು ಒಯ್ಯಬೇಕಿದ್ದರೆ ಅದು ಕ್ಯಾಮೆರಾ ಅಲ್ಲ. ಇಲ್ಲಿನ ಸಣ್ಣಪುಟ್ಟ ಊರಿನ ಕ್ಲಬ್‌ಗಳು ದಶಕಗಳಿಂದ ಪಾಲಿಸುತ್ತಿರುವ ಒಂದು ಕಟ್ಟಳೆ.

ಕಟ್ಟಳೆ ಸರಳ. ಲೀಗಿಗೆ ತಂಡ ಇಳಿಸುವ ಕ್ಲಬ್ಬು ತನ್ನ ತಂಡಗಳ ಸಂಖ್ಯೆಗೆ ತಕ್ಕಂತೆ ರೆಫರಿಗಳನ್ನೂ ಕೊಡಬೇಕು. ಕೊಡದಿದ್ದರೆ ದಂಡ, ಕೆಲವು ಪ್ರಾಂತ್ಯಗಳಲ್ಲಿ ಅಂಕ ಕಡಿತವೂ ಉಂಟು. ಹೆಸರು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಆ ವ್ಯಕ್ತಿ ನಿಯಮದ ಪರೀಕ್ಷೆ, ಓಟದ ಪರೀಕ್ಷೆ ಎರಡನ್ನೂ ಪಾಸಾಗಿ, ಒಂದು ಋತುವಿನಲ್ಲಿ ಇಂತಿಷ್ಟು ಪಂದ್ಯ ಆಡಿಸಿದರೆ ಮಾತ್ರ ಲೆಕ್ಕಕ್ಕೆ. ಹೊಸಬರ ಜೊತೆ ಮೊದಲ ಕೆಲವು ಪಂದ್ಯಗಳಿಗೆ ಅನುಭವಿ ರೆಫರಿಯೊಬ್ಬರು ಮೈದಾನಕ್ಕೆ ಬಂದು, ವಿರಾಮದಲ್ಲಿ ತಪ್ಪು ತಿದ್ದುತ್ತಾರೆ. ತನ್ನ ಕ್ಲಬ್ಬಿನ ಪಂದ್ಯವನ್ನು ಯಾರೂ ಆಡಿಸುವಂತಿಲ್ಲ.

ಇದರ ನಿಜವಾದ ಫಲ ರೆಫರಿಗಳ ಸಂಖ್ಯೆ ಹೆಚ್ಚುವುದಷ್ಟೇ ಅಲ್ಲ. ಪ್ರತಿ ಕ್ಲಬ್ಬಿನ ಒಳಗೂ ನಿಯಮ ಬಲ್ಲ, ಬೇರೆ ಊರಿನಲ್ಲಿ ಬೈಗುಳ ತಿಂದುಬಂದ ಒಬ್ಬನಾದರೂ ಇರುತ್ತಾನೆ. ತನ್ನ ಹುಡುಗರು ರೆಫರಿಯ ಮೇಲೆ ಎಗರಿದಾಗ ಮೊದಲು ಗದರಿಸುವವನು ಅವನೇ. ಹಾಗೆಂದು ಜರ್ಮನಿಯಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ. 2022-23ರ ಋತುವಿನಲ್ಲಿ ಗಲಾಟೆಯಿಂದಾಗಿ ಅರ್ಧಕ್ಕೆ ನಿಂತ ಹವ್ಯಾಸಿ ಪಂದ್ಯಗಳು 900ಕ್ಕೂ ಹೆಚ್ಚು. ಅದಕ್ಕಾಗಿಯೇ 2024-25ರಿಂದ ಹೊಸ ಕ್ರಮ ಬಂತು. ಬಿಸಿ ಏರಿದರೆ ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ಅವರವರ ಪೆನಾಲ್ಟಿ ಬಾಕ್ಸಿಗೆ ಕಳಿಸುತ್ತಾನೆ. ಕ್ಯಾಪ್ಟನ್ ಮತ್ತು ಕೋಚ್‌ಗಳನ್ನು ಮಾತ್ರ ನಡುವೃತ್ತಕ್ಕೆ ಕರೆದು ಕಾರಣ ಹೇಳುತ್ತಾನೆ. ಹೀಗೆ ಎರಡು ಸಲ ಅವಕಾಶ, ಮೂರನೆಯ ಸಲ ಪಂದ್ಯ ರದ್ದು. ಇದಕ್ಕೆ ಬೇಕಾದದ್ದು ಒಂದು ಸೀಟಿ ಮಾತ್ರ. ನಾಳೆಯೇ ನಮ್ಮಲ್ಲಿ ಶುರುಮಾಡಬಹುದು.

ನಮ್ಮ ಕಡೆ ಏನಾಗುತ್ತದೆ? ಶಾಲಾ ಪಂದ್ಯಾವಳಿಗಳಲ್ಲಿ ಸೀಟಿ ಊದುವವರು ಬಹುಪಾಲು ದೈಹಿಕ ಶಿಕ್ಷಕರೇ. ಅವರ ಶಾಲೆಯ ತಂಡವೂ ಅದೇ ಕಣದಲ್ಲಿ ಇರುತ್ತದೆ. ಅವರು ಪ್ರಾಮಾಣಿಕವಾಗಿಯೇ ಆಡಿಸಿದರೂ ಸೋತವರು ನಂಬುವುದಿಲ್ಲ. ಓಪನ್ ಟೂರ್ನಿಗಳಲ್ಲಿ ಸಂಘಟಕರ ಪರಿಚಯದವರು ರೆಫರಿ, ಆ ಹೊತ್ತಿಗೆ ಬಿಡುವಾಗಿದ್ದವರು ಲೈನ್ಸ್‌ಮನ್. ಆಫ್‌ಸೈಡ್‌ಗೆ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತವನಿಗೆ ಚೆಂಡು ಕೊಟ್ಟರೆ ಆಗುವ ತಪ್ಪು) ಬಾವುಟ ಎತ್ತುವವನು ಕೊನೆಯಿಂದ ಎರಡನೆಯ ಡಿಫೆಂಡರ್‌ನ ನೇರಕ್ಕೇ ನಿಂತಿರಬೇಕು. ನಾಲ್ಕು ಹೆಜ್ಜೆ ಹಿಂದುಮುಂದಾದರೂ ಕಣ್ಣು ಮೋಸಮಾಡುತ್ತದೆ. ತರಬೇತಿ ಇಲ್ಲದವನಿಗೆ ಬಾವುಟ ಕೊಡಬೇಕಾಗಿ ಬಂದರೆ ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬುದಷ್ಟನ್ನೇ ಅವನಿಗೆ ಬಿಟ್ಟು, ಆಫ್‌ಸೈಡನ್ನು ರೆಫರಿಯೇ ನೋಡಿಕೊಳ್ಳುವುದು ಮೇಲು. ಇದನ್ನು ಆಟಕ್ಕೆ ಮುಂಚೆ ಎರಡೂ ಕ್ಯಾಪ್ಟನ್‌ಗಳಿಗೆ ಹೇಳಿಬಿಡಬೇಕು.

ಹೊರಗಿನ ಈ ಕಟ್ಟಳೆ ನಮಗೆ ಒಗ್ಗದು ಎನ್ನುವವರು ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ನೆನೆಯಲಿ. ಅಲ್ಲಿ ಕಣದೊಳಗೆ ನಿಂತು ಜೋಡಿ ಬಿಡಿಸುವವರು, ಚಿತ್ ಆಯಿತೆಂದು ಸಾರುವವರು ತಾವೇ ಮಣ್ಣು ಮುಟ್ಟಿ ಬಂದ ಹಿರಿಯ ಪೈಲ್ವಾನರು. ಆಟ ಆಡಿದವನೇ ತೀರ್ಪು ಕೊಡುವ ಹೊಣೆ ಹೊರುವ ಪದ್ಧತಿ ದಾವಣಗೆರೆಯ ಗರಡಿಗಳಿಗೆ ಹೊಸದಲ್ಲ. ಫುಟ್‌ಬಾಲಿಗೆ ಮಾತ್ರ ಅದು ಬಂದಿಲ್ಲ.

ಇನ್ನು ಮೋಸದಾಟದ ಮಾತು. ಶಿಕ್ಷೆ ಘೋರವಾದಷ್ಟೂ ಮೋಸ ಕಡಿಮೆಯಾಗುತ್ತದೆ ಎಂದು ನಂಬುವವರಿದ್ದಾರೆ. ಫುಟ್‌ಬಾಲಿನ ಅನುಭವ ಇದಕ್ಕೆ ತಿರುಗುಮುರುಗು. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 6 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂಬ ನಿಯಮ ಬಹುಕಾಲ ಇತ್ತು. ಮೀರಿದರೆ ಪೆನಾಲ್ಟಿ ಬಾಕ್ಸಿನೊಳಗೇ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯುವಂತಿಲ್ಲದ ಕಿಕ್). ಅಷ್ಟು ಹತ್ತಿರದಿಂದ ಕಿಕ್ ಕೊಡಲು ರೆಫರಿಗಳಿಗೆ ಮನಸ್ಸು ಬರುತ್ತಿರಲಿಲ್ಲ, ಹಾಗಾಗಿ ನಿಯಮ ಪುಸ್ತಕದಲ್ಲೇ ಉಳಿಯಿತು. 2025ರ ಜುಲೈನಿಂದ ಮಿತಿಯನ್ನು 8 ಸೆಕೆಂಡಿಗೆ ಏರಿಸಿ, ಶಿಕ್ಷೆಯನ್ನು ಕಾರ್ನರ್ ಕಿಕ್‌ಗೆ ಇಳಿಸಿದರು. ಕೊನೆಯ 5 ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಬೆರಳಿನಲ್ಲಿ ಎಣಿಸಿ ತೋರಿಸುತ್ತಾನೆ. ಎಣಿಕೆ ಎಲ್ಲರ ಕಣ್ಣೆದುರೇ ನಡೆಯುವುದರಿಂದ ಗೋಲ್‌ಕೀಪರ್‌ಗೆ ತಕರಾರು ತೆಗೆಯಲು ಜಾಗವಿಲ್ಲ, ಕಾರ್ನರ್ ಕೊಡಲು ರೆಫರಿಗೂ ಅಳುಕಿಲ್ಲ.

ಇಂಗ್ಲೆಂಡಿನ ಹವ್ಯಾಸಿ ಲೀಗುಗಳಲ್ಲಿ 2019-20ರಿಂದ ಇರುವ ಕ್ರಮವೂ ಇದೇ ಬಗೆಯದು. ರೆಫರಿಯ ಜೊತೆ ವಾದಕ್ಕಿಳಿದವನು 90 ನಿಮಿಷದ ಪಂದ್ಯದಲ್ಲಿ 10 ನಿಮಿಷ ಹೊರಗೆ. ಪ್ರಯೋಗದ ಹಂತದಲ್ಲಿ 31 ಲೀಗುಗಳಲ್ಲಿ ಇಂಥ ವಾಗ್ವಾದ ಶೇ 38ರಷ್ಟು ಇಳಿದಿತ್ತು. ಕಾರ್ಡ್ ತೋರಿಸಿದರೆ ನಷ್ಟ ಯಾವಾಗಲೋ, ಯಾರಿಗೋ. ಹತ್ತು ನಿಮಿಷ ಹತ್ತೇ ಜನರಲ್ಲಿ ಆಡಬೇಕಾದಾಗ ಸ್ವಂತ ತಂಡದವರೇ ಅವನ ಬಾಯಿ ಮುಚ್ಚಿಸುತ್ತಾರೆ. ನಮ್ಮ 25-25 ನಿಮಿಷದ ಪಂದ್ಯಗಳಿಗೆ 5 ನಿಮಿಷ ಸಾಕು. ಇದರ ಜೊತೆಗೆ 2024ರ ಯುರೋ ಕಪ್‌ನಲ್ಲಿ ಜಾರಿಗೆ ತಂದಂತೆ, ರೆಫರಿಯ ಹತ್ತಿರ ಬಂದು ಕೇಳುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ ಎಂದರೆ ಅರ್ಧ ಗದ್ದಲ ಅಡಗುತ್ತದೆ. ಗೋಲ್‌ಕೀಪರೇ ಕ್ಯಾಪ್ಟನ್ ಆಗಿದ್ದರೆ ಮೈದಾನದ ನಡುವೆ ಆಡುವ ಇನ್ನೊಬ್ಬನನ್ನು ಆಟಕ್ಕೆ ಮುಂಚೆಯೇ ಗೊತ್ತುಮಾಡಬೇಕು.

ಬೇಕೆಂದೇ ಬೀಳುವ ನಾಟಕ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಮೋಸ, ಏಕೆಂದರೆ ಅದು ರೆಫರಿಯ ಕೈಯಿಂದಲೇ ಎದುರಾಳಿಗೆ ಅನ್ಯಾಯ ಮಾಡಿಸುತ್ತದೆ. ಗುರುತಿಸಲು ಕೆಲವು ಲಕ್ಷಣಗಳಿವೆ. ನಿಜವಾಗಿ ಎಡವಿದವನ ಕೈಗಳು ನೆಲದತ್ತ ಹೋಗುತ್ತವೆ, ಮುಖ ಉಳಿಸಿಕೊಳ್ಳಲು. ನಾಟಕದವನ ಕೈಗಳು ಮೇಲಕ್ಕೆ ಹಾರುತ್ತವೆ, ಬೆನ್ನು ಬಿಲ್ಲಾಗುತ್ತದೆ. ಕಾಲು ತಾಗಿದ ಕ್ಷಣಕ್ಕೂ ಬಿದ್ದ ಕ್ಷಣಕ್ಕೂ ಅಂತರವಿದೆಯೇ, ಹಿಂದಿನ ಕಾಲನ್ನು ಅವನೇ ಎಳೆದುಕೊಂಡು ಹೋಗಿ ಡಿಫೆಂಡರ್‌ಗೆ ತಾಗಿಸಿದನೇ ಎಂಬುದನ್ನೂ ನೋಡಬೇಕು. ಇದೆಲ್ಲ ಕಾಣಬೇಕಾದರೆ ರೆಫರಿ 15-20 ಮೀಟರ್ ದೂರದೊಳಗೆ, ಇಬ್ಬರ ನಡುವಿನ ಸಂದು ಕಾಣುವಂತೆ ಪಕ್ಕದಿಂದ ನೋಡುತ್ತಿರಬೇಕು. ಬೆನ್ನ ಹಿಂದೆ ನೇರಕ್ಕೆ ಓಡುವವನಿಗೆ ಬೆನ್ನುಗಳಷ್ಟೇ ಕಾಣುತ್ತವೆ. ಖಾತ್ರಿಯಾದರೆ ಹಳದಿ ಕಾರ್ಡ್, ಎದುರು ತಂಡಕ್ಕೆ ಪರೋಕ್ಷ ಫ್ರೀ ಕಿಕ್.

ಮೈದಾನದಲ್ಲಿ ತಪ್ಪಿಸಿಕೊಂಡವನಿಗೆ ಇಂಗ್ಲೆಂಡಿನಲ್ಲಿ 2017-18ರಿಂದ ಇನ್ನೊಂದು ಬಲೆ ಇದೆ. ನಾಟಕದಿಂದ ಪೆನಾಲ್ಟಿ ಸಿಕ್ಕಿದ್ದರೆ ಅಥವಾ ಎದುರಾಳಿ ಹೊರಹೋಗಿದ್ದರೆ ಮಾಜಿ ಆಟಗಾರ, ಮಾಜಿ ಮ್ಯಾನೇಜರ್, ಮಾಜಿ ರೆಫರಿ ಮೂವರೂ ಬೇರೆಬೇರೆಯಾಗಿ ವಿಡಿಯೊ ನೋಡುತ್ತಾರೆ. ಮೂವರೂ ಒಪ್ಪಿದರೆ ಮೋಸ ಮಾಡಿದವನ ಮೇಲೆ ಆರೋಪ. ಸಾಬೀತಾದರೆ ಎರಡು ಪಂದ್ಯ ನಿಷೇಧ. ನಮ್ಮಲ್ಲಿ ಇದಕ್ಕೆ ನಡುಗೆರೆಯ ನೇರಕ್ಕೆ, ಆಳೆತ್ತರದ ಮೇಲೆ ಕಟ್ಟಿದ ಒಂದು ಮೊಬೈಲ್ ಸಾಕು. ಆದರೆ ಆ ವಿಡಿಯೊದಿಂದ ಫಲಿತಾಂಶ ಬದಲಿಸಬಾರದು. ಬದಲಿಸಲು ಹೊರಟ ದಿನ ಮೈದಾನದ ತುಂಬ ಮೊಬೈಲ್ ಹಿಡಿದ ವಕೀಲರೇ ಇರುತ್ತಾರೆ.

ಕ್ಯಾಮೆರಾದ ಮಿತಿ ತಿಳಿಯಲು 2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವದಲ್ಲಿ ನಡೆದದ್ದೇ ಸಾಕು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ತಟ್ಟನೆ ಹೊಡೆದು ಗೋಲು ಗಳಿಸಿದರು. ನಾವಿನ್ನೂ ಸಜ್ಜಾಗಿರಲಿಲ್ಲ ಎಂದು ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟುಹೋಯಿತು. ಮುಂದೆ 4 ಕೋಟಿ ರೂಪಾಯಿ ದಂಡ ತೆರಬೇಕಾಯಿತು. 2018ರಲ್ಲಿ ವಿಎಆರ್ ನಿಯಮವಾದಾಗ ಅದರ ವ್ಯಾಪ್ತಿ ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ಎಂಬ ನಾಲ್ಕು ಸಂದರ್ಭಗಳಿಗೆ ಸೀಮಿತವಾಗಿತ್ತು. ಆಟ ಮರಳಿ ಶುರುವಾದ ಬಗೆಯನ್ನು ಅದು ತೂಗುವುದಿಲ್ಲ, ಹಾಗಾಗಿ ಅಂದು ವಿಎಆರ್ ಇದ್ದಿದ್ದರೂ ಈ ಜಗಳ ತೀರುತ್ತಿರಲಿಲ್ಲ. ಅಲ್ಲಿ ಬೇಕಿದ್ದದ್ದು ರೆಫರಿಯ ನಡೆ ಎರಡೂ ತಂಡಕ್ಕೆ ಸ್ಪಷ್ಟವಾಗುವುದು. ಫ್ರೀ ಕಿಕ್‌ಗೆ ಅಡ್ಡ ನಿಂತ ಆಟಗಾರರ ಗೋಡೆಯನ್ನು 9.15 ಮೀಟರ್ ಹಿಂದೆ ಸರಿಸಲು ಹೊರಟರೆ ಮೊದಲು ಸೀಟಿಯತ್ತ ಬೆರಳು ತೋರಿಸಬೇಕು, ಅಂದರೆ ಇನ್ನು ಸೀಟಿಯಿಲ್ಲದೆ ಕಿಕ್ ಇಲ್ಲ. ಗೋಡೆಯ ಗೊಡವೆಗೇ ಹೋಗದಿದ್ದರೆ ತಟ್ಟನೆ ಹೊಡೆಯುವ ಹಕ್ಕು ಕಿಕ್ ಸಿಕ್ಕ ತಂಡದ್ದು. ಎರಡರ ನಡುವೆ ತೂಗಾಡುವ ರೆಫರಿಯಿಂದಲೇ ಜಗಳ ಹುಟ್ಟುತ್ತದೆ.

ರೆಫರಿಯೇ ಮೋಸ ಮಾಡಿದರೆ? ಜರ್ಮನಿ ಅದನ್ನೂ ಕಂಡಿದೆ. ಬೆಟ್ಟಿಂಗ್ ಜಾಲದ ಜೊತೆ ಸೇರಿ ಪಂದ್ಯ ಮಾರಿದ ರೆಫರಿ ರಾಬರ್ಟ್ ಹಾಯ್ಟ್ಸರ್ 2005ರಲ್ಲಿ ಸಿಕ್ಕಿಬಿದ್ದ. ಅವನ ಮೇಲಿನ ಅನುಮಾನವನ್ನು ಫುಟ್‌ಬಾಲ್ ಮಂಡಳಿಗೆ ಮುಟ್ಟಿಸಿದವರು ಜೊತೆಗಿದ್ದ ನಾಲ್ವರು ರೆಫರಿಗಳು. ಊರಿಗೆಲ್ಲ ಒಬ್ಬನೇ ರೆಫರಿ ಇದ್ದರೆ ಅವನ ಮೇಲೆ ಕಣ್ಣಿಡಲು ಇನ್ನೊಬ್ಬ ರೆಫರಿಯೇ ಇರುವುದಿಲ್ಲ.

ವಯಸ್ಸಿನ ಮೋಸ ಬೇರೆ ಲೇಖನಕ್ಕೇ ಆಗುವ ವಿಷಯ. ಫಿಫಾ 17 ವರ್ಷದೊಳಗಿನವರಿಗೆ 2009ರಿಂದ ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತದೆ. ತಾಲ್ಲೂಕು ಮಟ್ಟದಲ್ಲಿ ಅದು ಆಗದ ಮಾತು. ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕವನ್ನು ಪಂದ್ಯಕ್ಕೆ ಮುಂಚೆ ಎದುರು ತಂಡದ ಮೇಷ್ಟ್ರೇ ಪರಿಶೀಲಿಸಿ ಸಹಿ ಹಾಕಲಿ.

ದಾವಣಗೆರೆಯಲ್ಲಿ ಶುರುಮಾಡುವುದು ಹೀಗೆ. ಎಂಟ್ರಿ ಫೀಸಿನ ಜೊತೆ ಪ್ರತಿ ತಂಡದಿಂದ ಠೇವಣಿ ಪಡೆಯಬೇಕು. ತಂಡದ ಇಬ್ಬರು ಎರಡು ದಿನದ ತರಬೇತಿಗೆ ಬಂದು, ತಮ್ಮ ಸರದಿ ಮುಗಿಸಿದ ಮೇಲಷ್ಟೇ ಅದು ವಾಪಸ್. ಚಿತ್ರದುರ್ಗ ಸುಮಾರು 60 ಕಿ.ಮೀ. ಅಷ್ಟೇ, 1997ರವರೆಗೆ ಒಂದೇ ಜಿಲ್ಲೆಯಾಗಿದ್ದವರು ನಾವು. ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಆಡುವ ಹುಡುಗರೂ ತರಬೇತಿಗೆ ಸೇರಲಿ. ಎಂಟು ತಂಡಗಳ ನಾಕೌಟ್ ಟೂರ್ನಿ ಎಂದರೆ ಏಳು ಪಂದ್ಯ. ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಲೈನ್ಸ್‌ಮನ್‌ನಂತೆ 21 ಸರದಿ. ತಂಡಕ್ಕಿಬ್ಬರಂತೆ 16 ಮಂದಿ ಇದ್ದರೆ ಯಾರಿಗೂ ಎರಡಕ್ಕಿಂತ ಹೆಚ್ಚು ಬೀಳುವುದಿಲ್ಲ. ಫೈನಲ್ ತಲುಪಿದ ಎರಡು ತಂಡಗಳ ನಾಲ್ವರನ್ನು ಬಿಟ್ಟರೂ 12 ಮಂದಿ ಉಳಿಯುತ್ತಾರೆ. ಅವರಲ್ಲಿ ಯಾರು ಸೀಟಿ ಹಿಡಿಯಬೇಕೆಂದು ಪಂದ್ಯದ ದಿನ ಬೆಳಿಗ್ಗೆ, ಎರಡೂ ಕ್ಯಾಪ್ಟನ್‌ಗಳ ಎದುರು ಚೀಟಿ ಎತ್ತಬೇಕು.