ಮುಚ್ಚಳ ತೆಗೆಯದೆ ಬೆಲೆ ಕಟ್ಟಬೇಡಿ

ಹಳೆಯ ಕೈಗಡಿಯಾರ ಸಿಕ್ಕರೆ ನಮ್ಮವರು ಮೊದಲು ನೋಡುವುದು ಡಯಲ್ ಮೇಲಿನ ಹೆಸರು, ಆಮೇಲೆ ಹೊಳಪು. ಇಲ್ಲಿ ಜರ್ಮನಿಯ ಹಳೇ ಸಾಮಾನಿನ ಸಂತೆಯಲ್ಲಿ ಬಲ್ಲವನು ಅದೇ ಗಡಿಯಾರವನ್ನು ಕವುಚಿ ಹಿಡಿದು ‘ಮುಚ್ಚಳ ತೆಗೆಯಬಹುದೇ?’ ಎನ್ನುತ್ತಾನೆ. 1950–60ರ ದಶಕದ ಜರ್ಮನ್ ಡ್ರೆಸ್ ವಾಚಿನ ಮಟ್ಟಿಗೆ ಅವನ ದಾರಿಯೇ ಸರಿ. ಮುಚ್ಚಳ ತೆಗೆದ ಮೇಲಿನ ಕೆಲಸದಲ್ಲಿ ಮಾತ್ರ ನನ್ನ ಮತ ನಮ್ಮೂರಿನ ರಿಪೇರಿಯವನಿಗೆ.

ಎಚ್‌ಎಂಟಿ ನೋಡಿ ಬೆಳೆದ ನಮಗೆ ಡಯಲ್ ಮೇಲಿನ ಹೆಸರೇ ಯಂತ್ರದ ಹೆಸರು. ಜರ್ಮನಿಯ ಗಡಿಯಾರದ ಊರು ಫೋರ್ಟ್ಸ್‌ಹೈಮ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಡುರೋವೆ, ಪಿಯುಡಬ್ಲ್ಯು ತರಹದ ಕೆಲವು ಕಂಪನಿಗಳು ಯಂತ್ರ ಮಾಡುತ್ತಿದ್ದವು. ಎಷ್ಟೋ ಚಿಕ್ಕ ಸಂಸ್ಥೆಗಳು ಅವನ್ನು ಕೊಂಡು, ಕೇಸಿಗೆ, ಅಂದರೆ ಹೊರಕವಚಕ್ಕೆ, ಕೂರಿಸಿ, ತಮ್ಮ ಹೆಸರು ಅಚ್ಚು ಹಾಕುತ್ತಿದ್ದವು. ಡುಗೆನಾ ಅನ್ನುವುದಂತೂ ಕಾರ್ಖಾನೆಯೇ ಅಲ್ಲ, ಗಡಿಯಾರ ವ್ಯಾಪಾರಿಗಳ ಸಹಕಾರ ಸಂಘದ ಹೆಸರು. ಶ್ರಾಂಬರ್ಗ್‌ನ ಯುಂಗ್‌ಹಾನ್ಸ್, ಶ್ವೆನಿಂಗನ್‌ನ ಕೀನ್ಟ್ಸ್‌ಲೆ ಇವು ಸ್ವಂತ ಯಂತ್ರ ಮಾಡಿದವು. ಸಾಲದ್ದಕ್ಕೆ 1945ರ ಫೆಬ್ರವರಿ 23ರ ಬಾಂಬ್ ದಾಳಿಯಲ್ಲಿ ಫೋರ್ಟ್ಸ್‌ಹೈಮ್ ಊರೇ ಸುಟ್ಟುಹೋಯಿತು. ಹಾಗಾಗಿ ಕಾಗದ ಪತ್ರ ಹುಡುಕುವುದಕ್ಕಿಂತ ಯಂತ್ರವನ್ನೇ ಓದುವುದು ಲೇಸು.

ಒತ್ತಿ ಕೂರಿಸಿದ ಹಿಂಬದಿಯ ಮುಚ್ಚಳವಾದರೆ ಅಂಚಿನಲ್ಲಿ ಉಗುರು ಹಿಡಿಯುವಷ್ಟು ಸಂದು ಇರುತ್ತದೆ. ಮೊಂಡು ಅಲಗಿನ ಕೇಸ್ ಚಾಕುವನ್ನು ಅಲ್ಲೇ ಇಟ್ಟು ತಿರುವಬೇಕು, ಬೇರೆಲ್ಲೂ ಮೀಟಬಾರದು. ಒಳಗೆ ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರದ ಕೆಳಗೆ ಅಥವಾ ಪಕ್ಕದಲ್ಲಿ, ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡಿದರೆ, ತಯಾರಕರ ಗುರುತು ಮತ್ತು ಕ್ಯಾಲಿಬರ್ (ಯಂತ್ರದ ಮಾದರಿ) ಸಂಖ್ಯೆ ಕಾಣುತ್ತದೆ. ಡುರೋವೆ ಯಂತ್ರದಲ್ಲಿ ‘ಐಎನ್‌ಟಿ’ ಎಂದಿದ್ದರೆ ಅದು 1959ರಲ್ಲಿ ಕಂಪನಿ ಅಮೆರಿಕದವರಿಗೆ ಮಾರಾಟವಾದ ನಂತರದ್ದು. ಯಂತ್ರದ ಅಗಲವನ್ನು ಲಿನ್ಯ್ ಎಂಬ ಹಳೆಯ ಮಾಪನದಲ್ಲಿ ಹೇಳುತ್ತಾರೆ: 10½ ಲಿನ್ಯ್ ಎಂದರೆ 23.7 ಮಿ.ಮೀ.

ಆಮೇಲೆ ಪ್ಯಾಲೆಟ್ ನೋಡಿ, ಅಂದರೆ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಪುಟ್ಟ ಕವಲು. ಕೆಂಪು ರೂಬಿಯ ಎರಡು ಚಪ್ಪಟೆ ಕಲ್ಲುಗಳಿದ್ದರೆ ಲಿವರ್ ಯಂತ್ರ. ಕಲ್ಲಿನ ಜಾಗದಲ್ಲಿ ಎರಡು ಉಕ್ಕಿನ ಕಡ್ಡಿ ನಿಂತಿದ್ದರೆ ಪಿನ್ ಲಿವರ್. ಎರಡನೆಯದು ಅಗ್ಗದ ತಯಾರಿ, ಟಿಕ್‌ಟಿಕ್ ಜೋರು, ಸವೆದರೆ ಸರಿಮಾಡುವುದು ಕಷ್ಟ. ಚಿನ್ನದ ಬಣ್ಣ ಎಷ್ಟೇ ಮಿನುಗಲಿ, ಬೆಲೆಯನ್ನು ನಿರ್ಧರಿಸುವುದು ಈ ವ್ಯತ್ಯಾಸ. ಕೀ ಕೊಡುವ ಗಡಿಯಾರಕ್ಕೆ ಸವೆತ ತಡೆಯುವ ಇಂಥ ರೂಬಿ ಕಲ್ಲು ಒಟ್ಟು 17 ಇದ್ದರೆ ಭರ್ತಿ ಎಂದು ಲೆಕ್ಕ.

ಚಿನ್ನದ ವಿಷಯದಲ್ಲಿ ನಮ್ಮವರು ಎಡವುವುದೇ ಹೆಚ್ಚು. 916 ಬಿಟ್ಟರೆ ನಮಗೆ ಚಿನ್ನವೇ ಅಲ್ಲ. ಇಲ್ಲಿ 585 (ಸಾವಿರಕ್ಕೆ 585 ಪಾಲು) ಗೌರವದ ಚಿನ್ನ, 333 ಕೂಡ ಕಾನೂನಿನ ಪ್ರಕಾರ ಚಿನ್ನವೇ. ಸೂರ್ಯನ ಸಂಕೇತವಾದ ವೃತ್ತದೊಳಗೆ ಕಿರೀಟ, ಪಕ್ಕದಲ್ಲಿ ಸಂಖ್ಯೆ ಇದ್ದರೆ ಜರ್ಮನ್ ಮುದ್ರೆ. ಅಳಿಲಿನ ಚಿತ್ರವಿದ್ದರೆ ಕೇಸು ಸ್ವಿಸ್. ‘ವಾಲ್ಟ್ಸ್‌ಗೋಲ್ಡ್ ಡುಬ್ಲೇ 20 ಮೈಕ್ರಾನ್’ ಎಂದಿದ್ದರೆ ಅದು ಹಿತ್ತಾಳೆಯ ಮೇಲೆ ಒತ್ತಿ ಹಚ್ಚಿದ ಚಿನ್ನದ ಹಾಳೆ, ಮಿಲಿಮೀಟರಿನ ಐವತ್ತನೇ ಒಂದು ಭಾಗ ದಪ್ಪ. ಪಟ್ಟಿ ಸಿಕ್ಕಿಸುವ ಕಿವಿಗಳ ತುದಿ ನೋಡಿ. ಮೊದಲು ಸವೆಯುವುದು ಅಲ್ಲೇ. ‘ಎಡೆಲ್‌ಶ್ಟಾಲ್‌ಬೋಡನ್’ ಎಂಬ ಬರಹ ನಂಬಿ ಇಡೀ ಗಡಿಯಾರ ಸ್ಟೀಲ್ ಎಂದುಕೊಳ್ಳಬೇಡಿ, ಸ್ಟೀಲಿನದು ಹಿಂಬದಿಯ ಮುಚ್ಚಳ ಮಾತ್ರ. ನಿಜವಾದ 585 ಕೇಸನ್ನು ಯಂತ್ರ, ಗಾಜು, ಒಳ ಉಂಗುರ ತೆಗೆದು ತೂಗಬೇಕು: 6 ಗ್ರಾಂ ಬಂದರೆ ಅಪ್ಪಟ ಚಿನ್ನ 3.51 ಗ್ರಾಂ. ಆ ಬೆಲೆ ತಳಮಟ್ಟ. ಕರಗಿಸುವ ಆಸೆಗೆ ಎಷ್ಟೋ ಒಳ್ಳೆ ಯಂತ್ರಗಳು ಅನಾಥವಾಗಿವೆ.

ಪಾಲಿಶ್ ಮಾಡಿಸಿ ತರುವ ನಮ್ಮ ಅಭ್ಯಾಸ ಇಲ್ಲಿ ನೇರ ನಷ್ಟ. ಡುಬ್ಲೇ ಕೇಸಿನಲ್ಲಿ ಬಫ್ ಚಕ್ರ ಚಿನ್ನವನ್ನೇ ತಿನ್ನುತ್ತದೆ. ಡಯಲಿಗೆ ಹೊಸ ಬಣ್ಣ ಬಳಿಸಿದ್ದೂ ಬೇಗ ಸಿಕ್ಕಿಬೀಳುತ್ತದೆ: ಅಕ್ಷರ ದಪ್ಪ, ನಿಮಿಷದ ಗೆರೆಗಳು ಅಂಕಿಗಳಿಗೆ ಹೊಂದುವುದಿಲ್ಲ, ಸೆಕೆಂಡಿನ ಚಿಕ್ಕ ವೃತ್ತದ ನಡುವೆ ಮುಳ್ಳು ಕೂರುವುದಿಲ್ಲ. ಹಳದಿಗಟ್ಟಿದ ಮೂಲ ಡಯಲೇ ಮೇಲು. ಮುಚ್ಚಳದ ಒಳಗೆ ಗೀರಿದ ತಾರೀಖು, ಸಂಕೇತಗಳು ಕಂಡರೆ ಉಜ್ಜಬೇಡಿ, ಅವು ಹಿಂದಿನ ಸರ್ವಿಸ್‌ಗಳ ದಾಖಲೆ. ಮುಳ್ಳುಗಳಲ್ಲಿ ಕಂದು ಬಣ್ಣದ ಹೊಳಪುಪುಡಿ ಇದ್ದರೆ ಅದು ರೇಡಿಯಂ ಆಗಿರಬಹುದು, ಕೆರೆಯಬಾರದು.

ಓಡುತ್ತದೆ ಎಂದ ಮಾತ್ರಕ್ಕೆ ಆರೋಗ್ಯವಾಗಿದೆ ಎಂದಲ್ಲ. ಪೂರ್ತಿ ಕೀ ಕೊಟ್ಟು, ಡಯಲ್ ಮೇಲೆ ಮಾಡಿ ಟಿಕ್‌ಟಿಕ್ ಕೇಳಿ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟಾಗ ಬ್ಯಾಲೆನ್ಸಿನ ತೂಗು 270 ಡಿಗ್ರಿಯ ಆಸುಪಾಸು ಬರಬೇಕು. 200ಕ್ಕಿಂತ ಕೆಳಗಿದ್ದರೆ ಎಣ್ಣೆ ಒಣಗಿದೆ ಅಥವಾ ಕೀ ಕೊಡುವ ಮುಖ್ಯ ಸ್ಪ್ರಿಂಗ್ ಸೋತಿದೆ. ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡಿದರೆ ಬ್ಯಾಲೆನ್ಸನ್ನು ತೂಗಿಸುವ ಕೂದಲೆಳೆಯ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿವೆ, ಅಯಸ್ಕಾಂತದಿಂದಲೋ ಎಣ್ಣೆಯಿಂದಲೋ. ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ವೇಗ ಹೆಚ್ಚುತ್ತದೆ.

ಇಲ್ಲಿಯವರ ಜೊತೆ ನನ್ನ ತಕರಾರು ಇಲ್ಲಿಂದ ಶುರು. ಸರ್ವಿಸ್ ಖರ್ಚು ಗಡಿಯಾರದ ಬೆಲೆಯನ್ನೇ ಮೀರುತ್ತದೆ ಎಂದು ಲಾಕೋ, ಪೋರ್ಟಾದಂಥ ಬ್ರ್ಯಾಂಡುಗಳ ಸಾಮಾನ್ಯ ಗಡಿಯಾರಗಳನ್ನು ಡ್ರಾಯರಿನಲ್ಲಿ ಮಲಗಿಸಿಬಿಡುತ್ತಾರೆ. ನಮ್ಮ ರಿಪೇರಿಯವನು ಮತ್ತೊಂದು ಕೆಟ್ಟ ಯಂತ್ರದಿಂದ ಚಕ್ರ ಕಿತ್ತು ಹಾಕಿ ಓಡಿಸಿಯೇ ತೀರುತ್ತಾನೆ. ಹಳೆಯ ಡುರೋವೆಗೆ ಬೇಕಿರುವುದು ಆ ಹಟವೇ. ಬಿಚ್ಚದೆ ಪೆಟ್ರೋಲಿನಲ್ಲಿ ಅದ್ದಿ, ಎಲ್ಲೆಡೆ ಒಂದೇ ಎಣ್ಣೆ ಸುರಿಯುವುದನ್ನು ಮಾತ್ರ ಅವನು ಬಿಡಬೇಕು. ಬ್ಯಾಲೆನ್ಸ್ ಪಿವಟ್‌ಗಳಿಗೆ (ಅಚ್ಚಿನ ತುದಿಗಳಿಗೆ) ತೆಳು ಎಣ್ಣೆ, ಕೀ ಕೊಡುವ ಭಾಗಕ್ಕೆ ಗಟ್ಟಿ ಗ್ರೀಸ್, ಪ್ಯಾಲೆಟ್ ಫೋರ್ಕಿನ ಪಿವಟ್ಟಿಗೂ ಹೇರ್‌ಸ್ಪ್ರಿಂಗಿಗೂ ಒಂದು ಹನಿಯೂ ಇಲ್ಲ. ಬದಲಿಸಿದ ಹಳೆಯ, ಕೀ ಕೊಡುವ ತಿರುಗುಗುಬ್ಬಿಯನ್ನು, ಎಷ್ಟೇ ಸವೆದಿದ್ದರೂ, ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಗಡಿಯಾರದ ಜೊತೆಗೇ ಕೊಡಲಿ.