ಹತ್ತನೇ ನಂಬರಿಗೆ ಬಿದ್ದ ಬಿಎಫ್‌ಸಿ, ಕಲಬುರಗಿಯಲ್ಲಿ ಕೂತ ನಾನು

2024ರ ರಂಜಾನ್ ಹಬ್ಬದ ದಿನ, ಏಪ್ರಿಲ್ 11ರ ರಾತ್ರಿ, ಗೆಳೆಯನ ಮನೆಯಲ್ಲಿ ಬಿರಿಯಾನಿ ಹೊಡೆದು, ಮೇಲೆ ಎರಡು ಬಟ್ಟಲು ಸುರಕುಂಬಾ ಕುಡಿದು, ಏಳಲಾಗದೆ ಗೋಡೆಗೆ ಒರಗಿ ಕೂತಿದ್ದೆವು. ಟಿವಿಯಲ್ಲಿ ಆರ್‌ಸಿಬಿ–ಮುಂಬೈ ಮ್ಯಾಚ್. ನನ್ನ ಕೈಯಲ್ಲಿ ಮೊಬೈಲ್, ಅದರಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮತ್ತು ಮೋಹನ್ ಬಾಗಾನ್ ಪಂದ್ಯ. ಹತ್ತು ಹನ್ನೆರಡು ಜನ ಇದ್ದ ಕೋಣೆಯಲ್ಲಿ ಫುಟ್‌ಬಾಲ್ ನೋಡುತ್ತಿದ್ದವನು ನಾನೊಬ್ಬನೇ. ಇದು ನನಗೇನೂ ಹೊಸದಲ್ಲ.

ಅತ್ತ ಬುಮ್ರಾ 5 ವಿಕೆಟ್ ಕಿತ್ತ. ನಮ್ಮವರು ಹೇಗೋ 196 ಹೊಡೆದರು, ಮುಂಬೈಯವರು 15.3 ಓವರಿನಲ್ಲಿ ಮುಗಿಸಿ ಎದ್ದು ಹೋದರು. ಇತ್ತ ಕಂಠೀರವದಲ್ಲಿ, ನಮ್ಮ ಮನೆಯಂಗಳದಲ್ಲೇ, ಅರ್ಧ ಆಟಕ್ಕೆ ಒಂದು ಗೋಲ್ ಹಿಂದಿದ್ದೆವು. ಒಂದೇ ತಾನೆ, ನೋಡೋಣ ಅಂದುಕೊಂಡೆ. ಮತ್ತೆ ಆಟ ಶುರುವಾಗಿ ಹದಿನೈದು ನಿಮಿಷ ಆಗುವಷ್ಟರಲ್ಲಿ ಇನ್ನೂ ಮೂರು ಬಿದ್ದವು. 4-0. ಮೊಬೈಲ್ ಬೋರಲು ಹಾಕಿ ಸುಮ್ನೆ ಕೂತೆ. ಗೆಳೆಯನ ಅಬ್ಬಾ ನನ್ನ ಮುಖ ನೋಡಿ, "ಬೇಟಾ, ಒಂದೇ ರಾತ್ರಿ ಎರಡೆರಡು ಕಡೆ ಸೋಲ್ಬೇಕಂದ್ರ ಭಾಳ ಹಿಮ್ಮತ್ ಬೇಕಪಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಬ್ಬದ ಮನೆ ನೋಡಿ.

ಐಎಸ್‌ಎಲ್‌ನಲ್ಲಿ, ಅಂದರೆ ದೇಶದ ಮೇಲಿನ ಫುಟ್‌ಬಾಲ್ ಲೀಗಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಅದೇ ನಮ್ಮ 2023-24ರ ಸೀಸನ್ನಿನ ಕೊನೆಯ ಪಂದ್ಯ. ಲೆಕ್ಕ ಹೀಗಿದೆ: 22 ಪಂದ್ಯ, 5 ಗೆಲುವು, 7 ಡ್ರಾ, 10 ಸೋಲು. ಹೊಡೆದದ್ದು 20 ಗೋಲ್, ಹೊಡೆಸಿಕೊಂಡದ್ದು 34. ಅಂಕ 22. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ನಮ್ಮ ಕೆಳಗೆ ಜಮ್ಶೆಡ್‌ಪುರ ಮತ್ತು ಹೈದರಾಬಾದ್ ಮಾತ್ರ. ಹೈದರಾಬಾದಿನ ಕಥೆಯೇ ಬೇರೆ, ಅಲ್ಲಿ ಸಂಬಳ ಸಿಗದೆ ಆಟಗಾರರು ಬಿಟ್ಟು ಹೋದರು. ಆ ತಂಡವನ್ನು ಲೆಕ್ಕಕ್ಕೆ ಹಿಡಿಯುವುದು ಪಾಪ. ಕೆಳಗಿನ ಲೀಗಾದ ಐ-ಲೀಗ್ ಗೆದ್ದು ಆ ಸೀಸನ್ನಿಗಷ್ಟೇ ಮೇಲೆ ಬಂದ ಪಂಜಾಬ್ ಕೂಡ ನಮಗಿಂತ ಮೇಲಿತ್ತು ನೋಡಿ, ಅದು ಜಾಸ್ತಿ ಚುಚ್ಚುತ್ತದೆ.

ಕಲಬುರಗಿಯವನಿಗೆ ಇದೆಲ್ಲ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ನಮ್ಮ ಕಾಕಾನೇ ಕೇಳುತ್ತಾರೆ. "ಅದೇನ್ ಒಂದು ಚೆಂಡಿಗಿ ಇಪ್ಪತ್ತೆರಡು ಮಂದಿ ಬಡಿದಾಡ್ತಾರ, ಎಲ್ಲರಿಗೂ ಒಂದೊಂದು ಕೊಡಿಸಿ ಬಿಡ್ಬಾರದೇನ್" ಎಂಬ ಹಳೇ ಜೋಕನ್ನು ಪ್ರತಿ ಸಲ ಹೊಸದಾಗಿ ಹೇಳಿದ ಹಾಗೆ ಹೇಳುತ್ತಾರೆ. ಇಲ್ಲಿಂದ ಬೆಂಗಳೂರು ಅಂದರೆ ಒಂದು ಇಡೀ ರಾತ್ರಿಯ ರೈಲು. ನಮ್ಮೂರ ಮೈದಾನದಲ್ಲಿ ಸಂಜೆ ಹೋಗಿ ನೋಡಿ, ಏಳು ಕ್ರಿಕೆಟ್ ಮ್ಯಾಚ್ ಒಂದರೊಳಗೊಂದು ನಡೆಯುತ್ತಿರುತ್ತವೆ. ಫುಟ್‌ಬಾಲ್ ಹಿಡಿದು ಬಂದ ಹುಡುಗರು ಮೂಲೆ ಹುಡುಕಬೇಕು.

ನನಗೆ ಈ ಹುಚ್ಚು ಹಿಡಿದದ್ದು 2016ರಲ್ಲಿ. ಆಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಾ ಪಿಜಿಯಲ್ಲಿದ್ದೆ. ಅಕ್ಟೋಬರ್ 19, ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ಪಿನ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೋಹರ್, ಹಿಂದಿನ ವರ್ಷದ ಚಾಂಪಿಯನ್. ಅವರ ಊರಲ್ಲಿ 1-1 ಆಗಿತ್ತು. ರೂಮ್‌ಮೇಟ್ ಎಳೆದುಕೊಂಡು ಹೋದ, ನನಗೆ ಆಫ್‌ಸೈಡ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ಮೊದಲು ಅವರೇ ಗೋಲ್ ಹೊಡೆದರು. ಆಮೇಲೆ ನಮ್ಮ ಸುನಿಲ್ ಛೇತ್ರಿ ಒಂದು, ಛೇತ್ರಿ ಇನ್ನೊಂದು, ಹುವಾನನ್ ಒಂದು. 3-1. ಏಷ್ಯಾದ ಕಪ್ಪಿನ ಫೈನಲ್‌ಗೆ ಹೋದ ಮೊದಲ ಭಾರತದ ಕ್ಲಬ್, ಅದೂ ಹುಟ್ಟಿ ಮೂರು ವರ್ಷಕ್ಕೆ. ದೋಹಾದಲ್ಲಿ ಇರಾಕಿನ ತಂಡದ ಎದುರು 1-0ಯಿಂದ ಸೋತರು, ಅದು ಬೇರೆ ಮಾತು. ಆ ರಾತ್ರಿ ಕಂಠೀರವದಿಂದ ಹೊರಗೆ ಬಂದಾಗ ನನ್ನ ಗಂಟಲು ಹೋಗಿತ್ತು, ಮರುದಿನ ಇಂಟರ್‌ವ್ಯೂ ಇತ್ತು, ಮಾತೇ ಹೊರಡಲಿಲ್ಲ. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಊರಿಗೆ ಬಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ನನಗೆ ತಿಳಿದ ಭಾಷೆಯಲ್ಲೇ ಹೇಳುತ್ತೇನೆ.

ಈ ಸೀಸನ್ ಹಾಳಾದದ್ದು ಡಿಸೆಂಬರಿನಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಮುಂಬೈ ಸಿಟಿ ನಮ್ಮೂರಿಗೆ ಬಂದು 4-0 ಹೊಡೆದು ಹೋಯಿತು, ಮರುದಿನವೇ ಕೋಚ್ ಸೈಮನ್ ಗ್ರೇಸನ್‌ರನ್ನು ಮನೆಗೆ ಕಳಿಸಿದರು, ಸ್ಪೇನಿನ ಜೆರಾರ್ಡ್ ಝರಗೋಝಾ ಬಂದರು. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಕೆಟ್ಟದ್ದು 2023ರ ಬೇಸಿಗೆಯಲ್ಲಿ, ಒಂದೂ ಪಂದ್ಯ ಆಡುವ ಮೊದಲೇ.

ಅದರ ಹಿಂದಿನ ಸೀಸನ್ ನೆನಪು ಮಾಡಿಕೊಳ್ಳಿ. ಇದೇ ಗ್ರೇಸನ್ ಇದ್ದಾಗ ಡ್ಯುರಾಂಡ್ ಕಪ್ ಗೆದ್ದೆವು. ಲೀಗಿನ ಕೊನೆಯ 8 ಪಂದ್ಯ ಸಾಲಾಗಿ ಗೆದ್ದೆವು. ಐಎಸ್‌ಎಲ್ ಫೈನಲ್‌ಗೆ ಹೋಗಿ ಪೆನಾಲ್ಟಿಯಲ್ಲಿ ಸೋತೆವು, ಸೂಪರ್ ಕಪ್ ಫೈನಲ್‌ಗೂ ಹೋದೆವು. ಒಂದೇ ಸೀಸನ್ನಿನಲ್ಲಿ ಮೂರು ಫೈನಲ್. ಅಂಥ ತಂಡದಿಂದ ಸ್ಟ್ರೈಕರ್ ರಾಯ್ ಕೃಷ್ಣ ಒಡಿಶಾಕ್ಕೆ ಹೋದ. ಸಂದೇಶ್ ಝಿಂಗನ್ ಗೋವಾಕ್ಕೆ. ಪ್ರಬೀರ್ ದಾಸ್ ಕೇರಳಕ್ಕೆ, ಹೌದು, ನಮ್ಮ ಬದ್ಧವೈರಿ ಕೇರಳಕ್ಕೇ! ನಡುವೆ ಆಡುತ್ತಿದ್ದ ಬ್ರೂನೊ ರಾಮಿರೆಸ್ ಹೋದ, ಡಿಫೆನ್ಸ್‌ನಲ್ಲಿದ್ದ ಅಲನ್ ಕೋಸ್ಟಾ ಹೋದ. ಮತ್ತೆ ಉದಾಂತ. ಹುಡುಗನಾಗಿ 2014ರಲ್ಲಿ ಬಂದವನು, ಒಂಬತ್ತು ವರ್ಷ ಬಲಗಡೆ ಗಾಳಿಯ ಹಾಗೆ ಓಡಿದವನು, ಅವನೂ ಗೋವಾಕ್ಕೆ.

ನಮ್ಮ ಮಿಲ್ಲಿನಲ್ಲಿ ಒಮ್ಮೆ ಹೀಗೇ ಆಗಿತ್ತು. ಮಷಿನ್ ನೋಡಿಕೊಳ್ಳುವ ಹಳೇ ಕೈಗಳು ಮೂರು ಜನ ಒಂದೇ ತಿಂಗಳು ಬಿಟ್ಟು ಹೋದರು. ಮಷಿನ್ ಅದೇ, ತೊಗರಿ ಅದೇ, ಕರೆಂಟೂ ಅದೇ. ಹೊಸಬರು ಕೆಲಸಗಳ್ಳರೇನೂ ಅಲ್ಲ. ಆದರೆ ಬೇಳೆ ಕಮ್ಮಿ, ನುಚ್ಚು ಜಾಸ್ತಿ. ಕಾಳಿಗೆ ಎಣ್ಣೆ ಎಷ್ಟು ಹಿಡಿಸಬೇಕು, ಎಷ್ಟು ಹೊತ್ತು ಒಣಗಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ಕೈಯಲ್ಲಿತ್ತು. ಒಬ್ಬ ಹೋಗಿದ್ದರೆ ಉಳಿದ ಇಬ್ಬರು ಹೊಸಬನಿಗೆ ಕಲಿಸುತ್ತಿದ್ದರು. ಮೂವರೂ ಹೋದರೆ ಕಲಿಸುವವರು ಯಾರು?

ಬಿಎಫ್‌ಸಿಗೆ ಬಂದವರು ಕೆಟ್ಟ ಆಟಗಾರರಾ? ಅಲ್ಲ. ರಯಾನ್ ವಿಲಿಯಮ್ಸ್ ಎಷ್ಟು ಓಡುತ್ತಾನೆ ಅಂದರೆ ನೋಡುವವರಿಗೇ ಬೆವರು ಬರಬೇಕು. ಕರ್ಟಿಸ್ ಮೇನ್ ಕೊಚ್ಚಿಯಲ್ಲಿ ಮೊದಲ ಪಂದ್ಯದಲ್ಲೇ ಗೋಲ್ ಹೊಡೆದ, ಸಿಕ್ಕನಪ್ಪಾ ನಮ್ಮ ಸ್ಟ್ರೈಕರ್ ಅಂದುಕೊಂಡೆ, ಸೀಸನ್ ಮುಗಿಯುವ ಮೊದಲೇ ಸ್ಕಾಟ್ಲೆಂಡಿಗೆ ವಾಪಸ್ ಹೋದ. ಜೆಸ್ಸೆಲ್, ಹಾಲಿಚರಣ್, ಸ್ಲಾವ್ಕೊ, ವೀಂಡೋರ್ಪ್, ಎಲ್ಲ ಒಟ್ಟಿಗೆ ಬಂದರು. ಎಲ್ಲ ಒಟ್ಟಿಗೆ ಬಂದದ್ದೇ ತೊಂದರೆ. ಪಾಸ್ ಕೊಟ್ಟವನು ಒಂದು ಕಡೆ, ಓಡುವವನು ಇನ್ನೊಂದು ಕಡೆ. ಕೊಚ್ಚಿಯ ಆ ಪಂದ್ಯದಲ್ಲೇ ಒಂದು ಗೋಲ್ ನಮ್ಮವರೇ ನಮಗೆ ಹೊಡೆದುಕೊಂಡರು.

ಝಿಂಗನ್ ಇದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತಲೂ ಹೇಳಲ್ಲ. ಅವನು ಜನವರಿಯಲ್ಲಿ ಏಷ್ಯನ್ ಕಪ್ ಆಡುವಾಗ ಗಾಯ ಮಾಡಿಕೊಂಡು ಕೂತ. ಆದರೆ ರಾಯ್ ಕೃಷ್ಣ ಒಡಿಶಾದಲ್ಲಿ ಹತ್ತಕ್ಕಿಂತ ಜಾಸ್ತಿ ಗೋಲ್ ಹೊಡೆದಿದ್ದಾನೆ. ನಮ್ಮ ಇಡೀ ತಂಡ ಹೊಡೆದದ್ದು 20. ವಯಸ್ಸಾಯಿತು ಅಂತ ಬಿಟ್ಟರೋ, ದುಡ್ಡಿನ ಮಾತು ಕೂಡಲಿಲ್ಲವೋ, ಒಳಗಿನ ಕಥೆ ಅವರಿಗೇ ಗೊತ್ತು. ಹೊರಗೆ ಕಂಡದ್ದು ಇಷ್ಟು.

ಇನ್ನು ಛೇತ್ರಿ ವಿಷಯ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಬರೆದ, "ಮುದುಕನ್ನ ಇಳಿಸ್ರಿ ಮೊದಲ." ಅವತ್ತು ನನಗೆ ನಿಜಕ್ಕೂ ಸಿಟ್ಟು ಬಂತು, ಉದ್ದ ವಾಯ್ಸ್ ಮೆಸೇಜ್ ಕಳಿಸಿದೆ, ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ ಅಂತ ಗೊತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಆಗ 39. ಆ ವರ್ಷದ ಆಗಸ್ಟಿಗೆ 40. ಮೊದಲಿನ ವೇಗ ಇರಲಿಲ್ಲ, ನನಗೂ ಕಣ್ಣಿದೆ. ಸೀಸನ್ ಶುರುವಾದ ದಿನ, ಸೆಪ್ಟೆಂಬರ್ 21, ನಮ್ಮವರು ಕೊಚ್ಚಿಯಲ್ಲಿ ಸೋಲುತ್ತಿದ್ದಾಗ ಅವನು ಎಲ್ಲಿದ್ದ? ಚೀನಾದಲ್ಲಿ. ಏಷ್ಯನ್ ಗೇಮ್ಸ್‌ನಲ್ಲಿ ಬಾಂಗ್ಲಾದೇಶದ ಎದುರು ಪೆನಾಲ್ಟಿ ಹೊಡೆದು ಭಾರತವನ್ನು 1-0ಯಿಂದ ಗೆಲ್ಲಿಸುತ್ತಿದ್ದ. ಅಲ್ಲೂ ಅವನೇ ಬೇಕು, ಇಲ್ಲೂ ಅವನೇ ಬೇಕು. ನಲವತ್ತರ ಹತ್ತಿರ ಬಂದವನ ಮೇಲೇ ಆಗಲೂ ಎಲ್ಲ ಭಾರ ಹಾಕಿದ್ದರು ಅಂದರೆ ಅದು ಅವನ ತಪ್ಪಾ? ಹತ್ತು ವರ್ಷದಲ್ಲಿ ಅವನ ಜಾಗಕ್ಕೆ ಒಬ್ಬನನ್ನು ತಯಾರು ಮಾಡಲಿಲ್ಲ. ಶಿವಶಕ್ತಿ ಹಿಂದಿನ ಸೀಸನ್ನಿನಲ್ಲಿ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಪಡೆದಾಗ ಆಸೆ ಹುಟ್ಟಿತ್ತು. ಈ ವರ್ಷ ಆ ಹುಡುಗ ಮಂಕಾದ. ಎದುರಾಳಿ ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗಲು ಪಕ್ಕದಲ್ಲಿ ರಾಯ್ ಕೃಷ್ಣ ಇಲ್ಲದಿದ್ದರೆ ಅವನಿಗೆ ಜಾಗ ಸಿಗುವುದಾದರೂ ಹೇಗೆ?

ಇನ್ನೊಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. 2018-19ರಲ್ಲಿ ನಮಗೆ ಐಎಸ್‌ಎಲ್ ಗೆಲ್ಲಿಸಿಕೊಟ್ಟ ಕೋಚ್ ಕಾರ್ಲೆಸ್ ಕ್ವಾದ್ರತ್. ರಾಹುಲ್ ಭೇಕೆ ಹೆಡ್ಡರ್, ಗೋವಾ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ, ನೆನಪಿದೆಯಲ್ವಾ? ಅವರನ್ನು 2021ರ ಜನವರಿಯಲ್ಲಿ ಬಿಟ್ಟುಕೊಟ್ಟೆವು. 2024ರ ಜನವರಿಯಲ್ಲಿ ಅದೇ ಕ್ವಾದ್ರತ್ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆಲ್ಲಿಸಿಕೊಟ್ಟರು. ಸೋತಾಗಲೆಲ್ಲ ಕೋಚ್ ಬದಲಿಸಿದರೆ ಹೀಗೇ ಆಗುವುದು.

ಹಾಗಂತ ವರ್ಷವಿಡೀ ಬರೀ ಅತ್ತೆ ಅಂದರೆ ಸುಳ್ಳಾಗುತ್ತದೆ. ಮಾರ್ಚ್ 2, ಶನಿವಾರ, ಕೇರಳ ಬ್ಲಾಸ್ಟರ್ಸ್ ಎದುರಿನ ಪಂದ್ಯಕ್ಕೆ ಮನೆಯಲ್ಲಿ "ಆಫೀಸ್ ಕೆಲಸ" ಅಂತ ಹೇಳಿ ರೈಲು ಹತ್ತಿದ್ದೆ. (ಹೆಂಡತಿ ಇದನ್ನು ಓದುತ್ತಾಳೆ. ಅವಳಿಗೆ ಅವತ್ತೇ ಗೊತ್ತಾಗಿತ್ತು, ಬ್ಯಾಗಿನಲ್ಲಿ ನೀಲಿ ಜೆರ್ಸಿ ಇಟ್ಟವಳೇ ಅವಳು.) ಬರೋಬ್ಬರಿ ಒಂದು ವರ್ಷದ ಹಿಂದೆ, 2023ರ ಮಾರ್ಚ್ 3ಕ್ಕೆ, ಇದೇ ಮೈದಾನದಲ್ಲಿ ಛೇತ್ರಿ ಫಟ್ ಅಂತ ಫ್ರೀಕಿಕ್ ಹೊಡೆದು, ಅವರು ಗೋಡೆ ಕಟ್ಟುವಷ್ಟರಲ್ಲಿ ಚೆಂಡು ಒಳಗೆ ಹೋಗಿ, ಕೇರಳದವರು ಆಟ ಬಿಟ್ಟು ಹೊರಗೆ ನಡೆದಿದ್ದರು. ಆ ಉರಿ ಇನ್ನೂ ಆರಿರಲಿಲ್ಲ. ಹಳದಿ ಜೆರ್ಸಿಯವರು ಎಲ್ಲಿ ನೋಡಿದರೂ. ನಮ್ಮ ಅಭಿಮಾನಿಗಳ ಗುಂಪಾದ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಮೊದಲ ನಿಮಿಷದಿಂದ ನಿಂತೇ ಹಾಡುತ್ತಿದ್ದರು, ಅಂಕಪಟ್ಟಿ ನೋಡಿದವರು ಹಾಗೆ ಹಾಡಲು ಸಾಧ್ಯವೇ ಇಲ್ಲ. ಆಟ ಮಾತ್ರ ನೋಡುವ ಹಾಗಿರಲಿಲ್ಲ. 0-0 ಅಂತ ಮನಸ್ಸು ಗಟ್ಟಿ ಮಾಡಿಕೊಂಡು, ರೈಲಿನ ಟೈಮ್ ನೋಡುತ್ತಿದ್ದೆ. 89ನೇ ನಿಮಿಷ, ಹಾವಿ ಹೆರ್ನಾಂಡೆಸ್, ಗೋಲ್. ಪಕ್ಕದಲ್ಲಿದ್ದ ಗೊತ್ತಿಲ್ಲದ ಮನುಷ್ಯ ನನ್ನನ್ನು ಎತ್ತಿಯೇಬಿಟ್ಟ. ಇಳಿಸಿದ ಮೇಲೆ ಯಾವೂರು ಅಂತ ಕೇಳಿದ. ಕಲಬುರಗಿ ಅಂದೆ. "ಇದಕ್ಕೋಸ್ಕರ ಅಲ್ಲಿಂದ ಬಂದ್ರಾ?" ಅಂದ. ಆ 'ಇದಕ್ಕೋಸ್ಕರ' ಅನ್ನುವ ಮಾತು ಕೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಸೋಮವಾರ ಮಿಲ್ಲಿಗೆ ಹೋದಾಗ ಗಂಟಲು ಹೋಗಿತ್ತು. ಈ ಸಲ ಇಂಟರ್‌ವ್ಯೂ ಇರಲಿಲ್ಲ, ಸದ್ಯ.

ಕೊನೆಗೆ ನನ್ನನ್ನು ಕಾಡುವುದು ಹತ್ತನೇ ಸ್ಥಾನ ಕೂಡ ಅಲ್ಲ. ಹತ್ತನೇ ಸ್ಥಾನಕ್ಕೆ ಬಂದರೂ ಏನೂ ಆಗಲಿಲ್ಲ ಅನ್ನುವುದು. 2024ರ ಹೊತ್ತಿಗೆ ಐಎಸ್‌ಎಲ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಸುವುದು ಇರಲಿಲ್ಲ. ಐ-ಲೀಗ್ ಗೆದ್ದವರು ಮೇಲೆ ಬರುತ್ತಿದ್ದರು, 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್, ಆದರೆ ಮೇಲಿನವರು ಯಾರೂ ಕೆಳಗೆ ಹೋಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 2016ರಲ್ಲಿ ಚಾಂಪಿಯನ್ ಆದ ಲೆಸ್ಟರ್ 2023ರಲ್ಲಿ ಕೆಳಗೆ ಬಿತ್ತು, ಯಾರೂ ಅಯ್ಯೋ ಅನ್ನಲಿಲ್ಲ. ಕ್ಲಬ್ಬುಗಳು ದುಡ್ಡು ಸುರಿದು ನಷ್ಟದಲ್ಲೇ ನಡೆಯುತ್ತಿವೆ, ಇಳಿಸಿದರೆ ಮುಚ್ಚಿಯೇ ಹೋದಾವು ಅನ್ನುವವರಿದ್ದಾರೆ. ಅದರಲ್ಲೂ ನಿಜ ಇದೆ. ಆದರೆ ಫೇಲಾದವನನ್ನೂ ಪಾಸಾದವನನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿದರೆ ಓದುವವರು ಯಾರು? ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಹುಡುಗರ ಕಾಲಲ್ಲಿ ಆ ಹೆದರಿಕೆ ಕಾಣಲಿಲ್ಲ. ಆ ಕೊನೆಯ 4-0ಯಲ್ಲಂತೂ ಕಾಣಲೇ ಇಲ್ಲ. ಎದುರಿನವರು ಲೀಗಿನಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್‌ಗಾಗಿ ಓಡುತ್ತಿದ್ದರು, ನಾಲ್ಕು ದಿನ ಬಿಟ್ಟು ಮುಂಬೈಯನ್ನು ಸೋಲಿಸಿ ತಗೊಂಡೂ ಬಿಟ್ಟರು. ನಮ್ಮವರು ರಜೆಗಾಗಿ ಕಾಯುತ್ತಿದ್ದರು.

ನಮ್ಮ ಅಕ್ಕನ ಮಗ ಒಬ್ಬನಿದ್ದಾನೆ, ಹತ್ತು ವರ್ಷದವನು, ಇಡೀ ಮನೆತನದಲ್ಲಿ ನನ್ನ ಪಕ್ಷದಲ್ಲಿರುವವನು ಅವನೊಬ್ಬನೇ. ಎರಡು ವರ್ಷದ ಹಿಂದೆ ಅವನಿಗೆ ಉದಾಂತನ ಹೆಸರಿನ ಜೆರ್ಸಿ ಮಾಡಿಸಿಕೊಟ್ಟಿದ್ದೆ. ಯುಗಾದಿಗೆ ಅದನ್ನೇ ಹಾಕಿಕೊಂಡು ಬಂದಿದ್ದ, ಮೊಣಕೈ ಹತ್ತಿರ ಬಿಗಿಯಾಗಿದೆ ಈಗ. "ಮಾಮಾ, ಇಂವಾ ಈಗ ಗೋವಾದಾಗ ಇದ್ದಾನಲ್ಲ, ನಾ ಇದು ಹಾಕ್ಕೋಬಹುದಾ?" ಅಂತ ಕೇಳಿದ. ಬೇವು-ಬೆಲ್ಲ ಬಾಯಲ್ಲಿತ್ತು, ಉತ್ತರ ತಪ್ಪಿಸಿಕೊಂಡೆ.

ಏಪ್ರಿಲ್ 19ಕ್ಕೆ ಒಡಿಶಾ–ಕೇರಳ ಪ್ಲೇಆಫ್ ಇತ್ತು. ಹುಡುಗ ಮೊದಲೇ ಫೋನ್ ಮಾಡಿದ್ದ, ಯಾರ ಕಡೆ ಅಂತ. ಕೇರಳ ಗೆಲ್ಲಲಿ ಅಂತ ಸತ್ತರೂ ಬಾಯಿಂದ ಬರಲ್ಲ. ಒಡಿಶಾ ಗೆಲ್ಲಲಿ ಅಂದರೆ ರಾಯ್ ಕೃಷ್ಣ ಗೋಲ್ ಹೊಡೆಯಬೇಕು, ಅದನ್ನು ನಾನು ಕೂತು ನೋಡಬೇಕು. ಮಳೆ ಬಂದು ಮ್ಯಾಚ್ ನಿಲ್ಲಲಿ ಅನ್ನೋಣ ಅಂದರೆ ಇದು ಕ್ರಿಕೆಟ್ಟೂ ಅಲ್ಲ.