ಬೆಳಿಗ್ಗೆ ಕಡಲು ಉಳಿಸಿ, ಹನ್ನೊಂದಕ್ಕೆ ಔಷಧಿ ಹೊಡೆಯಿರಿ

ಜೂನ್ 8ರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಎರಡು ಮೆಸೇಜ್ ಬಂದವು. ಮೊದಲನೆಯದು 7.10ಕ್ಕೆ: "ಇಂದು ವಿಶ್ವ ಸಾಗರ ದಿನ. ಎಲ್ಲರೂ ನೀಲಿ ಟೀ ಶರ್ಟ್ ಹಾಕಿಕೊಂಡು ಕ್ಲಬ್‌ಹೌಸ್ ಮುಂದೆ ಫೋಟೋಗೆ ಬನ್ನಿ. ಕಡಲು ನಮ್ಮ ತಾಯಿ." ಎರಡನೆಯದು 7.25ಕ್ಕೆ: "ಇಂದು 11ರಿಂದ 1ರವರೆಗೆ ಲಾನ್ ಮತ್ತು ಇಂಟರ್‌ಲಾಕ್ ಕಲ್ಲಿನ ಸಂದಿಗಳಿಗೆ ಕಳೆ ಔಷಧಿ ಹೊಡೆಯಲಾಗುವುದು. ಮಕ್ಕಳನ್ನೂ ನಾಯಿಗಳನ್ನೂ ಒಳಗೆ ಇಟ್ಟುಕೊಳ್ಳಿ." ಎರಡನ್ನೂ ಹಾಕಿದವರು ಒಬ್ಬರೇ, ನಮ್ಮ ಸೆಕ್ರೆಟರಿ ಸಾರ್. ಎರಡಕ್ಕೂ ಕೈಮುಗಿದ ಇಮೋಜಿಗಳು ಬಿದ್ದವು. ಎರಡನೆಯದಕ್ಕೇ ಜಾಸ್ತಿ.

ಬೆಂಗಳೂರಿಗೂ ಕಡಲಿಗೂ ಏನಪ್ಪಾ ಸಂಬಂಧ ಅಂತ ನೀವು ಕೇಳಬಹುದು. ನಾವಿರುವುದು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲೆ. ಮಂಗಳೂರು 350 ಕಿಲೋಮೀಟರ್ ದೂರ, ಮಧ್ಯೆ ಶಿರಾಡಿ ಘಾಟಿ, ಮಳೆಗಾಲದಲ್ಲಿ ಅದು ತೆರೆದಿದ್ದರೆ ನಮ್ಮ ಪುಣ್ಯ. ಆದರೆ ನಮ್ಮ ಚರಂಡಿಗೆ ಯಾವ ಘಾಟಿಯ ಕಾಟವೂ ಇಲ್ಲ. ಲಾನಿನ ನೀರು ರಾಜಕಾಲುವೆಗೆ ಇಳಿಯುತ್ತದೆ, ಅಲ್ಲಿಂದ ಬೆಳ್ಳಂದೂರು, ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ, ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ, ಸಾತನೂರು ದಾಟಿ ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ. ಪಶ್ಚಿಮ ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬೇಕಿಲ್ಲ, ಅವರಿಗೆ ವೃಷಭಾವತಿ ಇದೆ: ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಮತ್ತೆ ಅದೇ ಕೊಲ್ಲಿ. ಕುಡಿಯುವ ನೀರು ಬಿಡಿ ಅಂದರೆ ಬಂದ್ ಮಾಡುವ ಜನ ನಾವು. ಈ ನೀರನ್ನು ಮಾತ್ರ ಯಾವ ಟ್ರಿಬ್ಯುನಲ್ ಹೇಳದಿದ್ದರೂ, ಯಾರೂ ಕೇಳದಿದ್ದರೂ, ತುಂಬು ಮನಸ್ಸಿನಿಂದ ಬಿಡುತ್ತಲೇ ಇದ್ದೇವೆ.

ಬೆಳ್ಳಂದೂರು ಕೆರೆಯ ಕಥೆ ಗೊತ್ತಲ್ವಾ. 2015, 2017, 2018ರಲ್ಲಿ ಅದಕ್ಕೆ ಬೆಂಕಿ ಬಿತ್ತು. ನೀರಿಗೆ ಬೆಂಕಿ! ನೊರೆ ಹಾರಿ ರಸ್ತೆಗೆ ಬಂದಾಗ ಪಕ್ಕದಲ್ಲಿ ಬಲೆ ಕಟ್ಟಿದರು. ನೊರೆ ಯಾಕೆ ಬರುತ್ತಿದೆ ಅನ್ನುವುದು ಆಮೇಲಿನ ವಿಚಾರ, ಬೈಕಿನವರ ಮುಖಕ್ಕೆ ಬಡಿಯಬಾರದು ಅಷ್ಟೇ. ಬಲೆಯಲ್ಲಿ ಮೀನು ಹಿಡಿಯುವವರು ಎಲ್ಲಾ ಕಡೆ ಸಿಗುತ್ತಾರೆ, ನೊರೆ ಹಿಡಿಯುವವರನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಈ 'ಔಷಧಿ' ಅನ್ನೋ ಮಾತೂ ಒಂದು ಸೋಜಿಗ. ಕೊಲ್ಲುವುದಕ್ಕೆ ಹಾಕುವುದನ್ನು ನಾವು ಔಷಧಿ ಅನ್ನುತ್ತೇವೆ. ಇಲಿಗೆ ಔಷಧಿ, ತಿಗಣೆಗೆ ಔಷಧಿ, ಕಳೆಗೆ ಔಷಧಿ. ಇಲಿಗೆ ಹುಷಾರಿಲ್ಲವೇನೋ ಅನ್ನಿಸಬೇಕು. ಅದೇ ಪಾಚಿ ವಿಚಾರಕ್ಕೆ ಬಂದರೆ ಉಲ್ಟಾ. ಪಾಪದ ಪಾಚಿಗೆ ನಮ್ಮಲ್ಲಿ ಒಂದು ಒಳ್ಳೆ ಮಾತಿಲ್ಲ. ಬಚ್ಚಲಲ್ಲಿ ಕಾಲು ಜಾರಿಸುತ್ತದೆ, ತೊಟ್ಟಿ ಗಲೀಜು ಮಾಡುತ್ತದೆ, ಹಲ್ಲು ಉಜ್ಜದಿದ್ದರೆ "ಪಾಚಿ ಕಟ್ಟಿದೆ ನೋಡು" ಅಂತ ಅಮ್ಮ ಬೈಯುತ್ತಿದ್ದರು. ಆದರೆ ಭೂಮಿಯ ಮೇಲೆ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಕಡಲಿನಲ್ಲಿರುವ, ಕಣ್ಣಿಗೆ ಕಾಣದ ಪಾಚಿಗಳದ್ದು. ಅದರಲ್ಲಿ ಡಯಾಟಮ್ ಅಂತ ಒಂದು ಗುಂಪು ಇದೆ, ಮರಳಿನಲ್ಲಿರುವ ಸಿಲಿಕಾವನ್ನೇ ನೀರಿನಿಂದ ಹೀರಿಕೊಂಡು ಗಾಜಿನ ಡಬ್ಬಿಯಂಥ ಮನೆ ಕಟ್ಟಿಕೊಂಡು ಅದರೊಳಗೆ ಬದುಕುತ್ತದೆ. ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಅದೊಂದರದ್ದೇ. ನಮ್ಮ ಲಾನಿನದ್ದಲ್ಲ.

ಫೋಟೋ ಮುಗಿಸಿ ಬರುವಾಗ ಮಾಲಿಯ ಕೈಯಲ್ಲಿದ್ದ ಡಬ್ಬ ನೋಡಿದೆ. ಸಣ್ಣ ಅಕ್ಷರದಲ್ಲಿ 'ಡಯುರಾನ್' ಅಂತಿತ್ತು. ಇದು ಮಾಡುವ ಕೆಲಸ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅದೇ. ಎಲೆಯೊಳಗೆ ಬಿಸಿಲಿನ ಶಕ್ತಿಯನ್ನು ಮುಂದಕ್ಕೆ ಸಾಗಿಸುವ ಒಂದು ಕಣ ಬಂದು ಕೂರಬೇಕಾದ ಸೀಟು ಇರುತ್ತದೆ. ಡಯುರಾನ್ ಅಲ್ಲಿ ಕರ್ಚೀಫ್ ಹಾಕಿ ಕೂತುಬಿಡುತ್ತದೆ. ಕಬ್ಬು, ಜೋಳದ ಹೊಲಕ್ಕೆ ಹಾಕುವ ಅಟ್ರಜಿನ್ ಹಿಡಿಯುವುದೂ ಅದೇ ಸೀಟನ್ನು. ಬಿಸಿಲು ಬೀಳುತ್ತದೆ, ಶಕ್ತಿ ಮುಂದೆ ಹೋಗುವುದಿಲ್ಲ, ಗಿಡ ಒಳಗೊಳಗೇ ಸುಟ್ಟು ಸಾಯುತ್ತದೆ. ತೊಂದರೆ ಏನಂದರೆ ಆ ಸೀಟು ಗರಿಕೆಯಲ್ಲೂ ಇದೆ, ಡಯಾಟಮ್‌ನಲ್ಲೂ ಇದೆ. ಔಷಧಿಗೆ ಯಾವುದು ಕಳೆ, ಯಾವುದು ಕಡಲು ಅಂತ ಗೊತ್ತಾಗಲ್ಲ. ಗ್ರೇಟ್ ಬ್ಯಾರಿಯರ್ ರೀಫ್ ಅನ್ನುವ ಹವಳದ ದಿಬ್ಬದ ಕಡೆಯ ಕಬ್ಬಿನ ಗದ್ದೆಗಳಿಂದ ಡಯುರಾನ್ ಸಮುದ್ರಕ್ಕೆ ಇಳಿಯುತ್ತದೆ ಅಂತ ಆಸ್ಟ್ರೇಲಿಯಾದವರು 2012ರಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದರು. ನಾವು ನಾಯಿಯನ್ನು ಒಳಗೆ ಇಟ್ಟುಕೊಂಡೆವು.

"ಅಷ್ಟು ದೂರ ಹೋಗೋಷ್ಟರಲ್ಲಿ ಎಲ್ಲಾ ನೀರಾಗಿ ಹೋಗುತ್ತೆ ಬಿಡ್ರಿ" ಅಂದರು ಸೆಕ್ರೆಟರಿ ಸಾರ್. ತೆಳುವಾಗುವುದು ನಿಜ. ಆದರೆ ದಾರಿಯುದ್ದಕ್ಕೂ ಇಂಥ ಸಾವಿರ ಲಾನು, ಲಕ್ಷ ಹೊಲ ಸೇರಿಕೊಳ್ಳುತ್ತವೆ. ಎಲ್ಲರೂ ಒಂದೊಂದು ಚಮಚ ಹಾಕಿ "ನಂದೇನು ಮಹಾ" ಅನ್ನುವವರೇ.

ಇನ್ನು ಬಿಸಿಯ ಕಥೆ. ಹಿಂದೂ ಮಹಾಸಾಗರದ ಮೇಲ್ಪದರ ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ಹೇಳಿದ ಪ್ರಕಾರ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕದಲ್ಲಿ ಈ ಪಾಚಿ ಶೇ. 20ರಷ್ಟರವರೆಗೂ ಇಳಿದಿದೆ. ನೀರು ಬೆಚ್ಚಗಾದರೆ ಪಾಚಿಗೇನು ಕಷ್ಟ ಅನ್ನಬೇಡಿ. ನಮ್ಮ ಬಿಲ್ಡಿಂಗನ್ನೇ ನೋಡಿ. ಕೆಳಗೆ ಸಂಪು ತುಂಬಿದೆ, ಮೋಟಾರ್ ಕೆಟ್ಟಿದೆ, ಮೇಲಿನ ಟ್ಯಾಂಕ್ ಖಾಲಿ, ನಾಲ್ಕನೇ ಮಹಡಿಯವರು ಬಕೆಟ್ ಹಿಡಿದು ನಿಂತಿದ್ದಾರೆ. ಕಡಲಲ್ಲೂ ಹಾಗೇ. ಪಾಚಿಯ ಊಟವೆಲ್ಲ ಕೆಳಗಿನ ತಣ್ಣೀರಿನಲ್ಲಿದೆ, ಬಿಸಿಲಿರುವುದು ಮೇಲೆ. ಗಾಳಿ ಬೀಸಿ, ಮೇಲಿನ ನೀರು ತಣಿದು, ಕೆಳಗಿನದು ಮೇಲೆ ಬರಬೇಕು, ಅದೇ ಮೋಟಾರು. ಮೇಲ್ಪದರ ಕಾದು ಹಗುರಾದರೆ ಕೆಳಗಿನ ಭಾರದ ನೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಸಂಪು ತುಂಬಿದ್ದೂ ನಲ್ಲಿ ಒಣಗಿರುತ್ತದೆ. ಈ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು ಹೇಳಿ.

ಹಾಗಾದರೆ ನಮ್ಮ ಗೊಬ್ಬರ ಹೋಗಿ ಊಟ ಹಾಕುತ್ತದಲ್ಲ, ಒಳ್ಳೆಯದೇ ಆಯ್ತಲ್ಲ ಅಂತ ಒಬ್ಬರು ಕೇಳಿದರು. ಐಟಿಯವರು, ಎಲ್ಲದಕ್ಕೂ ಸೊಲ್ಯೂಷನ್ ಇರುತ್ತದೆ. ಗೊಬ್ಬರ ಹೋಗಿ ಬೀಳುವುದು ನದಿ ಕಡಲು ಸೇರುವ ದಡದಲ್ಲಿ, ಹಸಿದಿರುವುದು ನಡುಗಡಲು. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಕೂತವರ ಎಲೆಗೆ ಐದು ಸಲ ಪಾಯಸ ಸುರಿದು, ಒಳಗಿನ ಪಂಕ್ತಿಗೆ ಎಲೆಯನ್ನೇ ಹಾಕದ ಹಾಗೆ. ಬಡಿಸುವುದೂ ಬರೀ ಸಾರಜನಕ, ರಂಜಕ. ಡಯಾಟಮ್‌ಗೆ ಬೇಕಾದ ಸಿಲಿಕಾ ಗೊಬ್ಬರದ ಚೀಲದಲ್ಲಿ ಇರುವುದಿಲ್ಲ, ನದಿ ತರುವ ಸಿಲಿಕಾದಲ್ಲೂ ಒಂದಷ್ಟು ಅಣೆಕಟ್ಟಿನಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಒಳ್ಳೆ ನೆಂಟರಾದ ಡಯಾಟಮ್‌ಗಳು ಉಪವಾಸ, ಕರೆಯದೆ ಬಂದ ಬೇರೆ ಪಾಚಿಗಳು ಉಂಡು ಕೊಬ್ಬಿ, ಸತ್ತು, ಕೊಳೆತು ನೀರಿನ ಆಮ್ಲಜನಕ ಎಲ್ಲಾ ಮುಗಿಸಿ ಹೋಗುತ್ತವೆ.

ಇದಕ್ಕೆಲ್ಲ ರೈತರೇ ಕಾರಣ ಅಂತ ಏಸಿ ಹಾಲಿನ ಸೆಮಿನಾರಿನಲ್ಲಿ ಹೇಳುವವರಿದ್ದಾರೆ. ಮಂಡ್ಯ ಕಡೆ ಇರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ಯೂರಿಯಾ ಎಷ್ಟು ಹಾಕಬೇಕು ಅಂತ ಯಾರು ಹೇಳುತ್ತಾರೆ ಅಂತ ಕೇಳಿದೆ. "ಗೊಬ್ಬರದ ಅಂಗಡಿಯೋನೇ ನಮ್ಗೆ ವಿಜ್ಞಾನಿ ಕಣ್ಲಾ, ಅವನು ಒಂದು ಚೀಲ ಕಮ್ಮಿ ಹಾಕು ಅಂತ ಯಾವತ್ತಾದ್ರೂ ಹೇಳ್ತಾನಾ?" ಅಂದ. 45 ಕೆಜಿ ಯೂರಿಯಾ ಚೀಲ ಸಬ್ಸಿಡಿಯಲ್ಲಿ 266 ರೂಪಾಯಿ ಚಿಲ್ಲರೆ. ನಮ್ಮ ಏರಿಯಾದಲ್ಲಿ ಇಬ್ಬರು ಕಾಫಿ ಕುಡಿದು ಒಂದು ಸ್ಯಾಂಡ್‌ವಿಚ್ ತಿಂದರೆ ಅಷ್ಟಾಗುತ್ತದೆ. ಹಾಕಿದ ಯೂರಿಯಾದಲ್ಲಿ ಬೆಳೆಗೆ ಸೇರುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅವನಿಗೆ ಬೆಳೆ ತೆಗೆಯಬೇಕಾದ ದರ್ದಾದರೂ ಇದೆ. ನಮ್ಮ ಲಾನಿನಲ್ಲಿ ಏನು ಬೆಳೆಯುತ್ತೇವೆ? ಕೂರುವ ಹಾಗಿಲ್ಲ, ನಡೆಯುವ ಹಾಗಿಲ್ಲ, ಬೋರ್ಡು ಹಾಕಿದ್ದಾರೆ.

ಮೂರನೇ ಮಹಡಿಯ ಉಡುಪಿ ಆಂಟಿಗೆ ಮಾತ್ರ ವಿಷಯ ಬೇಗ ಹತ್ತಿತು. ಬೂತಾಯಿ ಮೀನು ತಿನ್ನುವುದು ಈ ಪಾಚಿಯನ್ನೇ, ಅದು ಕಮ್ಮಿಯಾದರೆ ಮೀನೂ ಕಮ್ಮಿ ಅಂದೆ. "ಹಾಗಾದ್ರೆ ಆ ಔಷಧಿ ಇವತ್ತೇ ನಿಲ್ಲಿಸ್ಲಿ ಮಾರಾಯ್ರೇ" ಅಂದರು. ಆಮ್ಲಜನಕಕ್ಕೆ ಅಲ್ಲಾಡದವರು ಬೂತಾಯಿ ಪುಳಿಮುಂಚಿ ಸಾರಿಗೆ ಅಲ್ಲಾಡಿದರು. 2020ರಲ್ಲಿ ಉಡುಪಿ ಕಡೆಯ ಬೀಚುಗಳಲ್ಲಿ ರಾತ್ರಿ ಅಲೆ ನೀಲಿ ಹೊಳೆದಾಗ ಜನ ರೀಲ್ಸ್ ಮಾಡಲು ಓಡಿದ್ದರು. ಅದು ನಾಕ್ಟಿಲೂಕಾ, ಡಯಾಟಮ್‌ಗಳನ್ನೇ ನುಂಗುವ ಜೀವಿ. ಇದರ ಹಸಿರು ತಳಿ 2000ದ ನಂತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಡಯಾಟಮ್‌ಗಳ ಜಾಗ ಹಿಡಿದು ಕೂತಿದೆ. ರೀಲ್ಸ್‌ಗೆ ಹಾಡು ಚೆನ್ನಾಗಿತ್ತು.

ಹೋದ ಭಾನುವಾರ ಕಮಿಟಿ ಮೀಟಿಂಗ್. ಸೆಕ್ರೆಟರಿ ಸಾರ್ ಒಂದು ವಿಡಿಯೋ ತೋರಿಸಿದರು. ಸೆರ್ಬಿಯಾದ ಬೆಲ್‌ಗ್ರೇಡಿನಲ್ಲಿ 2021ರಲ್ಲಿ 600 ಲೀಟರಿನ ಗಾಜಿನ ತೊಟ್ಟಿಯಲ್ಲಿ ಪಾಚಿ ಬೆಳೆಸಿ ಬೀದಿಯಲ್ಲಿ ಇಟ್ಟಿದ್ದಾರೆ, 'ದ್ರವ ಮರ' ಅನ್ನುತ್ತಾರೆ, ಗಾಳಿ ಶುದ್ಧ ಮಾಡುತ್ತದಂತೆ. ನಮ್ಮ ಗೇಟಿಗೂ ಅಂಥದ್ದೊಂದು ಬೇಕು ಅಂತ ತೀರ್ಮಾನ ಆಯಿತು. ತೊಟ್ಟಿಗೆ ಬೆಳಕು ಬೇಕಲ್ಲ, ಅದಕ್ಕೆ ಗೇಟಿನ ಹೊಂಗೆ ಮರದ ಎರಡು ಕೊಂಬೆ ಕಡಿಸುವುದು ಅಂತಲೂ ಆಯಿತು. ಕೂಡಲೇ ಮುಂದಿನ ವಿಷಯ: ಕಾರಂಜಿಯ ಕೊಳದಲ್ಲಿ ಪಾಚಿ ಕಟ್ಟಿದೆ, ನೋಡುವುದಕ್ಕೆ ಅಸಹ್ಯ, ಮೈಲುತುತ್ತ ಹಾಕಿಸಿ ಕೊಲ್ಲುವುದು. ಇದಕ್ಕೂ ಎಲ್ಲರೂ ಕೈ ಎತ್ತಿದರು.

ತೊಟ್ಟಿ ಇನ್ನೂ ಬಂದಿಲ್ಲ, ಅದರ ಪಾಚಿ ಬೆಳೆಸಲು ಹಾಕುವ ಪುಡಿಯ ಡಬ್ಬವೂ ಕೊಳದ ಮೈಲುತುತ್ತದ ಡಬ್ಬವೂ ಮೊದಲೇ ಬಂದವು. ನಿನ್ನೆ ಮಾಲಿ ಎರಡು ಡಬ್ಬ ಹಿಡಿದುಕೊಂಡು ಬಂದ.

"ಸಾರ್, ಇದ್ರಲ್ಲಿ ಪಾಚಿ ಬೆಳೆಸೋದ್ಯಾವ್ದು, ಸಾಯ್ಸೋದ್ಯಾವ್ದು? ಎರಡೂ ಒಂದೇ ಸ್ಟೋರ್ ರೂಮಲ್ಲಿ ಇಡ್ಬೇಕು, ಸ್ವಲ್ಪ ಹೆಸರು ಬರ್ದುಕೊಡಿ."

ಸೆಕ್ರೆಟರಿ ಸಾರ್ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಮಾರ್ಕರ್ ತೆಗೆದು ಎರಡು ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಬರೆದರು: ಪಾಚಿ ಔಷಧಿ.